ಬೆಳದಿಂಗಳಿಗೆ ಹದಿನಾರು ಕಂಠಗಳು

೧೯೩೮ನೆಯ ಇಸವಿ, ಅಕ್ಟೋಬರ್ ೫, ಬುಧವಾರ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಬಾಂಬಿನ ದಾಳಿಗೆ ಅಂಜಿ ಆತುರಾತುರವಾಗಿ ತೋಡಿದ್ದ ಕಂದಕಗಳು ಇನ್ನೂ ಬಾಯ್ದೆರೆದುಕೊಂಡೇ ಇದ್ದುವು. ವಿಷವಾಯುವಿನಿಂದ ಪಾರಾಗಲೆಂದು ಸರ್ಕಾರ ಹಂಚಿದ್ದ ಮುಖವಾಡಗಳು ಮನೆಮನೆಯಲ್ಲಿಯೂ ಇದ್ದುವು. ಐದು ದಿನಗಳ ಹಿಂದೆಯಷ್ಟೇ ಪ್ರಧಾನಿ ಚೇಂಬರ್ಲೇನ್ ಮ್ಯೂನಿಕ್ ನಗರದಿಂದ ಹಿಂದಿರುಗಿ, ಹಿಟ್ಲರನೊಡನೆ ಒಪ್ಪಂದವಾಯಿತು, ಯುದ್ಧದ ಭಯ ತೊಲಗಿತು ಎಂದು ಸಾರಿದ್ದರು. ಅದೇ ಬುಧವಾರ ಪಾರ್ಲಿಮೆಂಟಿನಲ್ಲಿ ವಿನ್‌ಸ್ಟನ್ ಚರ್ಚಿಲ್ ಎದ್ದು ನಿಂತು, ಇದು ಶಾಂತಿಯಲ್ಲ, ಸೋಲು ಎಂದು ಗುಡುಗಿದರು.

ಅದೇ ದಿನ ಪಾರ್ಕಿನ ದಕ್ಷಿಣಕ್ಕಿರುವ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಸಾವಿರಾರು ಮಂದಿ ಬೇರೊಂದು ಕಾರ್ಯಕ್ಕಾಗಿ ನೆರೆದರು. ಐವತ್ತು ವರ್ಷಗಳ ಕಾಲ ವಾದ್ಯವೃಂದಗಳನ್ನು ನಡೆಸಿದ ಸರ್ ಹೆನ್ರಿ ವುಡ್ ಅವರ ಸುವರ್ಣ ಮಹೋತ್ಸವ ಅಂದು. ಆ ಸಭೆಗೆಂದೇ ರಚಿತವಾದ ಹೊಸ ಕೃತಿಯೊಂದು ಮೊಟ್ಟಮೊದಲ ಬಾರಿಗೆ ಕೇಳಿಬಂದಿತು. ಹೆಚ್ಚೆಂದರೆ ಹದಿಮೂರು ಹದಿನಾಲ್ಕು ನಿಮಿಷಗಳ ಕೃತಿ. ಸಾಹಿತ್ಯ ಷೇಕ್ಸ್‌ಪಿಯರ್ ಮಹಾಕವಿಯದು; ಸಂಗೀತ ರಾಲ್ಫ್ ವಾನ್ ವಿಲಿಯಮ್ಸ್ ಅವರದು. ಹಾಡಿದವರು ಹದಿನಾರು ಮಂದಿ. ಅದರ ಹೆಸರು ‘ಸೆರೆನೇಡ್ ಟು ಮ್ಯೂಸಿಕ್’, ಎಂದರೆ ಸಂಗೀತಕ್ಕೇ ಅರ್ಪಿಸಿದ ಇರುಳ ಹಾಡು.

ಸಾಮಾನ್ಯವಾಗಿ ಪ್ರಿಯತಮೆಯ ಕಿಟಕಿಯ ಕೆಳಗೆ ನಿಂತು ಪ್ರಿಯಕರನು ಹಾಡುವ ಹಾಡಿಗೆ ಸೆರೆನೇಡ್ ಎಂದು ಹೆಸರು. ಇಲ್ಲಿ ಪ್ರಿಯತಮೆಯ ಸ್ಥಾನದಲ್ಲಿ ನಿಂತಿರುವುದು ಸಂಗೀತವೇ.

ಕಂಠವೈದ್ಯನ ಷರತ್ತು

ಹೆನ್ರಿ ವುಡ್ ಅವರು ೧೮೬೯ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಂದೆ ಆಕ್ಸ್‌ಫರ್ಡ್ ಬೀದಿಯಲ್ಲಿ ಯಂತ್ರಗಳ ಪುಟ್ಟ ಮಾದರಿಗಳನ್ನು ತಯಾರಿಸಿ ಮಾರುತ್ತಿದ್ದ ಅಂಗಡಿಕಾರ. ಮಗ ಆರ್ಗನ್ ವಾದ್ಯವನ್ನು ಕಲಿತು, ಗಾಯನವನ್ನು ಬೋಧಿಸುತ್ತ, ಗೀತನಾಟಕಗಳ ತಂಡಗಳನ್ನು ನಡೆಸುತ್ತ ಮೇಲೆ ಬಂದರು. ೧೮೯೫ರಲ್ಲಿ ಕ್ವೀನ್ಸ್ ಹಾಲ್ ಎಂಬ ಸಭಾಂಗಣದ ವ್ಯವಸ್ಥಾಪಕರಾದ ರಾಬರ್ಟ್ ನ್ಯೂಮನ್ ಅವರಿಗೆ ಒಂದು ಆಲೋಚನೆ ಹೊಳೆಯಿತು. ಉತ್ತಮ ಸಂಗೀತವನ್ನು ಸಿರಿವಂತರ ಸೊತ್ತಾಗಿರಿಸದೆ, ಒಂದು ಷಿಲ್ಲಿಂಗ್ ತೆತ್ತು ನೆಲದ ಮೇಲೆ ನಿಂತು ಕೇಳುವ ಸಾಮಾನ್ಯನಿಗೂ ಅದನ್ನು ಉಣಿಸಬೇಕೆಂಬುದೇ ಆ ಆಲೋಚನೆ. ಹೀಗೆ ಹುಟ್ಟಿಕೊಂಡುವು ‘ಪ್ರಾಮೆನೇಡ್’ ಕಚೇರಿಗಳು. ಮೊದಲನೆಯ ಕಚೇರಿ ೧೮೯೫ರ ಆಗಸ್ಟ್ ೧೦ರಂದು ನಡೆದಾಗ ಅದನ್ನು ನಡೆಸಿದ ವುಡ್ ಅವರಿಗೆ ಇಪ್ಪತ್ತಾರು ವರ್ಷ.

ಈ ಕಾರ್ಯಕ್ಕೆ ಹಣ ಕೊಟ್ಟವರು ಡಾಕ್ಟರ್ ಜಾರ್ಜ್ ಕ್ಯಾತ್‌ಕಾರ್ಟ್ ಎಂಬ ಗಂಟಲಿನ ತಜ್ಞ ವೈದ್ಯರು. ಹಣ ಕೊಡುವುದಕ್ಕೆ ಅವರು ವಿಧಿಸಿದ ಷರತ್ತು ಸ್ವಾರಸ್ಯವಾಗಿದೆ. ಅಂದಿನ ಇಂಗ್ಲೆಂಡಿನಲ್ಲಿ ವಾದ್ಯವೃಂದಗಳ ಶ್ರುತಿ ಬಹಳ ಏರಿಹೋಗಿದ್ದಿತು. ಆ ಎತ್ತರದಲ್ಲಿ ಹಾಡಿ ಹಾಡಿ ಗಾಯಕರ ಕಂಠಗಳು ಕೆಡುತ್ತಿದ್ದುದನ್ನು ಕಂಡಿದ್ದ ವೈದ್ಯರು, ಶ್ರುತಿಯನ್ನು ಫ್ರಾನ್ಸ್ ದೇಶದ ಮಟ್ಟಕ್ಕೆ ಇಳಿಸಬೇಕೆಂದೂ ಕಚೇರಿಗಳನ್ನು ವುಡ್ ಅವರೇ ನಡೆಸಬೇಕೆಂದೂ ಪಟ್ಟು ಹಿಡಿದರು. ಹಾಡುವವರ ಗಂಟಲಿನ ಮೇಲಣ ಕರುಣೆಯಿಂದ ಆರಂಭವಾದ ಸಂಪ್ರದಾಯ ಅದು.

ಮುಂದಿನ ನಾಲ್ಕು ದಶಕಗಳಲ್ಲಿ ವುಡ್ ಅವರು ಮಾಡಿದ ಕೆಲಸ ಅಗಾಧವಾದುದು. ತಾಲೀಮಿಗೆ ಬದಲಿಯಾಳನ್ನು ಕಳುಹಿಸಿ ಕಚೇರಿಗೆ ಮಾತ್ರ ತಾವು ಬರುತ್ತಿದ್ದ ವಾದಕರ ಅಭ್ಯಾಸವನ್ನು ೧೯೦೪ರಲ್ಲಿ ಕೊನೆಗಾಣಿಸಿದಾಗ ನಲವತ್ತಕ್ಕೂ ಹೆಚ್ಚು ಮಂದಿ ಮುನಿಸಿಕೊಂಡು ಹೊರಟುಹೋಗಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಎಂಬ ತಮ್ಮದೇ ವೃಂದವನ್ನು ಕಟ್ಟಿದರು. ೧೯೧೩ರಲ್ಲಿ ವುಡ್ ಅವರು ಆರು ಮಂದಿ ಮಹಿಳೆಯರನ್ನು ತಮ್ಮ ವೃಂದಕ್ಕೆ ಸೇರಿಸಿಕೊಂಡರು. ಆ ಕಾಲಕ್ಕೆ ಅದು ಸಣ್ಣ ಸಾಹಸವೇನೂ ಅಲ್ಲ. ೧೯೧೪ರಲ್ಲಿ ಜರ್ಮನಿಯೊಡನೆ ಯುದ್ಧ ಹೂಡಿದಾಗ, ಶತ್ರುದೇಶದ ಸಂಗೀತ ಬೇಡವೆಂಬ ಕೂಗೆದ್ದು ವಾಗ್ನರನ ಕೃತಿಗಳ ಕಚೇರಿಯೊಂದನ್ನು ಕೈಬಿಡಬೇಕಾಯಿತು. ಆದರೆ ಅದೇ ವಾರ ವಾಗ್ನರನ ಸಂಗೀತ ಕ್ವೀನ್ಸ್ ಹಾಲಿಗೆ ಹಿಂದಿರುಗಿತು. ಕಲೆಗೆ ಗಡಿಯಿಲ್ಲವೆಂಬುದೇ ನ್ಯೂಮನ್ ಮತ್ತು ವುಡ್ ಅವರ ನಿಲುವಾಗಿದ್ದಿತು.

ಮಹೋತ್ಸವದ ದಿನ ನಾಲ್ಕು ವಾದ್ಯವೃಂದಗಳು ಕೂಡಿ ನುಡಿಸಿದುವು. ಅವುಗಳಲ್ಲಿ ಒಂದು, ಮುನಿದುಹೋದವರು ಕಟ್ಟಿದ ಲಂಡನ್ ಸಿಂಫನಿ! ಕಚೇರಿಯ ಹಣವೆಲ್ಲ ಕಾಯಿಲೆ ಬಿದ್ದ ವಾದಕರಿಗಾಗಿ ಆಸ್ಪತ್ರೆಗಳಲ್ಲಿ ಹಾಸಿಗೆಗಳನ್ನು ಕಾಯ್ದಿರಿಸುವುದಕ್ಕೆಂದು ಮೀಸಲಾಗಿದ್ದಿತು.

ಹಳ್ಳಿಯ ಹಾಡುಗಳ ಶಿಷ್ಯ

ಇಂಥ ದಿನಕ್ಕೆ ತಕ್ಕ ಕೃತಿಯನ್ನು ಬರೆಯಲು ವುಡ್ ಅವರು ಕೋರಿದುದು ತಮಗಿಂತ ಮೂರು ವರ್ಷ ಕಿರಿಯರಾದ ವಾನ್ ವಿಲಿಯಮ್ಸ್ ಅವರನ್ನು. ಗ್ಲಾಸ್ಟರ್‌ಷೈರಿನ ಡೌನ್ ಆಂಪ್ನಿ ಎಂಬ ಹಳ್ಳಿಯಲ್ಲಿ ೧೮೭೨ರಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಇವರು ತಾಯಿಯ ಕಡೆಯಿಂದ ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನಿಗೆ ಬಂಧುಗಳು. ಬರ್ಲಿನ್ನಿನಲ್ಲಿ ಮ್ಯಾಕ್ಸ್ ಬ್ರುಖ್, ಪ್ಯಾರಿಸ್ಸಿನಲ್ಲಿ ರವೆಲ್ ಇವರ ಗುರುಗಳು. ಆದರೆ ಇವರ ನಿಜವಾದ ಗುರುಗಳೆಂದರೆ ಹೊಲಗಳಲ್ಲಿಯೂ ಹೆಂಡದಂಗಡಿಗಳಲ್ಲಿಯೂ ಹಳೆಯ ಪದಗಳನ್ನು ಹಾಡುತ್ತಿದ್ದ ಮುದುಕರು. ೧೯೦೩ರಿಂದ ಹಳ್ಳಿ ಹಳ್ಳಿ ಅಲೆದು ಎಂಟುನೂರಕ್ಕೂ ಹೆಚ್ಚು ಜನಪದ ಗೀತೆಗಳನ್ನು ಅವರು ಬರೆದಿಟ್ಟುಕೊಂಡರು. ಆ ಧಾಟಿಗಳ ನೆರಳು ಅವರ ಬಹುಪಾಲು ಕೃತಿಗಳಲ್ಲಿ ಕಾಣಿಸುತ್ತದೆ.

ಅವರ ಆಜೀವ ಗೆಳೆಯರು ಗುಸ್ತಾವ್ ಹೋಲ್ಸ್ಟ್. ಸಂಸ್ಕೃತವನ್ನು ಅಭ್ಯಾಸ ಮಾಡಿ ಋಗ್ವೇದದ ಸೂಕ್ತಗಳಿಗೆ ಸಂಗೀತ ಹಾಕಿದ, ಮಹಾಭಾರತದ ಸಾವಿತ್ರಿಯ ಕಥೆಯನ್ನು ಗೀತನಾಟಕವಾಗಿಸಿದ ಹೋಲ್ಸ್ಟರು ಇವರೇ. ಇಬ್ಬರೂ ವಿದ್ಯಾರ್ಥಿದೆಸೆಯಿಂದಲೇ ಒಬ್ಬರ ಕೃತಿಯನ್ನು ಇನ್ನೊಬ್ಬರು ಮುಲಾಜಿಲ್ಲದೆ ತಿದ್ದುವ ಪದ್ಧತಿಯನ್ನಿಟ್ಟುಕೊಂಡಿದ್ದರು. ೧೯೩೪ರಲ್ಲಿ ಹೋಲ್ಸ್ಟ್ ತೀರಿಕೊಂಡರು. ಮಹೋತ್ಸವದ ಕೃತಿಯನ್ನು ಬರೆಯುವ ಕಾಲಕ್ಕೆ ಅದನ್ನು ತೋರಿಸಿ ಅಭಿಪ್ರಾಯ ಕೇಳಲು ಆ ಗೆಳೆಯರಿರಲಿಲ್ಲ.

ವಾನ್ ವಿಲಿಯಮ್ಸ್ ಯುದ್ಧವನ್ನು ಕಣ್ಣಾರೆ ಕಂಡವರು. ೧೯೧೪ರಲ್ಲಿ ವಯಸ್ಸು ನಲವತ್ತೆರಡಾಗುತ್ತಿದ್ದರೂ ಸೈನ್ಯದ ವೈದ್ಯಕೀಯ ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿ, ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಹೊತ್ತು ಸಾಗಿಸಿದವರು. ಇನ್ನೊಂದು ಯುದ್ಧ ಬರುತ್ತಿದೆಯೆಂಬ ಆತಂಕ ಅವರನ್ನು ಕಾಡುತ್ತಿದ್ದಿತು. ೧೯೩೬ರಲ್ಲಿ ಅವರು ಬರೆದ ‘ದೋನಾ ನೋಬಿಸ್ ಪಾಚೆಮ್’ ಎಂಬ ಕೃತಿಯ ಹೆಸರಿನ ಅರ್ಥವೇ ‘ನಮಗೆ ಶಾಂತಿಯನ್ನು ದಯಪಾಲಿಸು’ ಎಂದು. ಅಂಥವರು ಎರಡು ವರ್ಷಗಳ ತರುವಾಯ ಆರಿಸಿಕೊಂಡುದು ಬೆಳದಿಂಗಳ ರಾತ್ರಿಯೊಂದರ ಮಾತುಗಳನ್ನು.

ಬೆಲ್ಮಾಂಟಿನ ಇರುಳು

‘ವೆನಿಸಿನ ವರ್ತಕ’ ನಾಟಕವನ್ನು ಷೇಕ್ಸ್‌ಪಿಯರ್ ರಚಿಸಿದುದು ಸುಮಾರು ೧೫೯೬–೯೭ರಲ್ಲಿ. ಒಂದು ಪೌಂಡು ಮಾಂಸವನ್ನು ಒತ್ತೆಯಾಗಿ ಕೇಳಿದ ಷೈಲಾಕನ ಕಥೆ ಶಾಲೆಯ ಮಕ್ಕಳಿಗೂ ತಿಳಿದುದೇ. ನ್ಯಾಯಸ್ಥಾನದಲ್ಲಿ ಪೋರ್ಷಿಯಾಳ ಚಾತುರ್ಯದಿಂದ ಆಂಟೋನಿಯೋ ಉಳಿದುಕೊಳ್ಳುತ್ತಾನೆ. ಷೈಲಾಕನು ಸೊತ್ತನ್ನೂ ಮತವನ್ನೂ ಕಳೆದುಕೊಂಡು ರಂಗದಿಂದ ನಿಷ್ಕ್ರಮಿಸುತ್ತಾನೆ. ಕಥೆ ಅಲ್ಲಿಗೇ ಮುಗಿಯಬಹುದಾಗಿದ್ದಿತು. ಆದರೆ ಕವಿ ಐದನೆಯ ಅಂಕವೊಂದನ್ನು ಇಟ್ಟಿದ್ದಾನೆ.

ಆ ಅಂಕದಲ್ಲಿ ನ್ಯಾಯಾಲಯದ ಕಾವಿಲ್ಲ, ಪೇಟೆಯ ಗದ್ದಲವಿಲ್ಲ. ಬೆಲ್ಮಾಂಟಿನಲ್ಲಿರುವ ಪೋರ್ಷಿಯಾಳ ಮನೆಯ ಮುಂದಣ ತೋಟ, ಹುಣ್ಣಿಮೆಯಂಥ ಇರುಳು. ಅಲ್ಲಿ ಕುಳಿತಿರುವವರು ಇಬ್ಬರು: ಲೊರೆಂಜೋ ಮತ್ತು ಆತನನ್ನು ಪ್ರೀತಿಸಿ ತಂದೆಯ ಮನೆಯನ್ನು ತೊರೆದು ಬಂದ ಜೆಸಿಕಾ. ಆಕೆ ಷೈಲಾಕನ ಮಗಳು. ಲೊರೆಂಜೋ ವಾದಕರನ್ನು ಹೊರಗೆ ಕರೆಸಿ, ಇಂಥ ನೀರವ ರಾತ್ರಿಗೆ ಇಂಪಾದ ನಾದವೇ ತಕ್ಕುದೆನ್ನುತ್ತಾನೆ. ತಾರೆಗಳನ್ನು ತೋರಿಸಿ, ಅವುಗಳಲ್ಲಿ ಅತಿ ಚಿಕ್ಕದೂ ಚಲಿಸುವಾಗ ಹಾಡುತ್ತಿದೆಯೆಂದೂ, ಮಣ್ಣಿನ ಈ ಶರೀರ ನಮ್ಮನ್ನು ಮುಚ್ಚಿರುವವರೆಗೆ ಆ ಗಾನ ನಮ್ಮ ಕಿವಿಗೆ ಬೀಳದೆಂದೂ ಹೇಳುತ್ತಾನೆ.

ಗ್ರೀಸಿನ ಪೈಥಾಗೊರಸ್ ಹಾಗೂ ಆತನ ಶಿಷ್ಯಪರಂಪರೆಯಿಂದ ಬಂದ ಕಲ್ಪನೆ ಇದು. ತಂತಿಯ ಉದ್ದಕ್ಕೂ ಸ್ವರದ ಎತ್ತರಕ್ಕೂ ಲೆಕ್ಕದ ಸಂಬಂಧವಿರುವಂತೆ ಗ್ರಹಗಳ ದೂರಗಳಿಗೂ ಸಂಬಂಧವಿದ್ದು, ಅವು ಕೂಡಿ ಒಂದು ಮಹಾನಾದವನ್ನು ಹೊರಡಿಸುತ್ತವೆಂದು ಅವರು ನಂಬಿದ್ದರು. ಆಹತನಾದಕ್ಕಿಂತ ಮಿಗಿಲಾದ, ಹೊರಗಿವಿಗೆ ಕೇಳಿಸದ ಅನಾಹತನಾದವೊಂದುಂಟೆಂದು ನಂಬಿದ ನಮ್ಮವರಿಗೆ ಇದು ತೀರ ಅಪರಿಚಿತವಾದ ಭಾವನೆಯೆನಿಸಲಾರದು.

ಅಷ್ಟರಲ್ಲಿ ವಾದ್ಯ ಮೊಳಗುತ್ತದೆ. ಜೆಸಿಕಾ, ಇಂಪಾದ ಸಂಗೀತವನ್ನು ಕೇಳಿದಾಗಲೆಲ್ಲ ತನಗೆ ಉಲ್ಲಾಸವಾಗುವುದಿಲ್ಲವೆನ್ನುತ್ತಾಳೆ. ನಾಟಕದಲ್ಲಿ ಅವಳಾಡುವ ಕಟ್ಟಕಡೆಯ ಮಾತು ಅದು. ಆಮೇಲೆ ಅವಳು ರಂಗದ ಮೇಲಿದ್ದರೂ ಬಾಯಿ ಬಿಡುವುದಿಲ್ಲ. ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿಯೂ ಅಂತಃಪುರದಿಂದ ತೇಲಿಬಂದ ಹಂಸಪದಿಕೆಯ ಹಾಡನ್ನು ಕೇಳಿ, ಸುಖದಲ್ಲಿರುವ ದುಷ್ಯಂತನ ಮನಸ್ಸು ಕಾರಣ ತಿಳಿಯದೆ ಕಳವಳಗೊಳ್ಳುತ್ತದೆ. ದೇಶವೂ ಕಾಲವೂ ಬೇರೆಯಾದ ಇಬ್ಬರು ಕವಿಗಳು ಮಾನವಹೃದಯದ ಒಂದೇ ತಂತಿಯನ್ನು ಮೀಟಿದ್ದಾರೆ. ಜೆಸಿಕಾಳ ಕಳವಳಕ್ಕೆ ಮಾತ್ರ ಕಾರಣವನ್ನು ಊಹಿಸಬಹುದು. ಆಕೆ ತೊರೆದು ಬಂದ ಮನೆ ಎಲ್ಲವನ್ನೂ ಕಳೆದುಕೊಂಡಿದೆ.

ಆಗ ಲೊರೆಂಜೋ ಪ್ರಸಿದ್ಧವಾದ ಆ ಮಾತನ್ನಾಡುತ್ತಾನೆ. ಒಳಗೆ ಸಂಗೀತವಿಲ್ಲದವನು, ಇಂಪಾದ ನಾದಕ್ಕೆ ಮನ ಕರಗದವನು ದ್ರೋಹಕ್ಕೂ ಕೊಳ್ಳೆಗೂ ಹೇಸದವನು, ಅವನನ್ನು ಯಾರೂ ನಂಬಬಾರದು ಎಂದು.

ಸಾಹಿತ್ಯದ ಕೊಯ್ಲು

ಈ ದೃಶ್ಯವನ್ನು ವಾನ್ ವಿಲಿಯಮ್ಸ್ ಇದ್ದಕ್ಕಿದ್ದಂತೆಯೇ ಎತ್ತಿಕೊಳ್ಳಲಿಲ್ಲ. ಆರಂಭದಲ್ಲಿ ಪ್ರೇಮಿಗಳಿಬ್ಬರೂ ಪೈಪೋಟಿಯಿಂದ ಪುರಾಣದ ಕಥೆಗಳನ್ನು ನೆನೆಯುವ ಭಾಗವನ್ನು ಬಿಟ್ಟರು. ನಾದಕ್ಕೆ ಮಣಿಯುವ ಕಾಡುಗುದುರೆಗಳ ವರ್ಣನೆಯನ್ನೂ ಕಲ್ಲುಮರಗಳನ್ನು ಕರಗಿಸಿದ ಆರ್ಫಿಯಸ್ಸನ ಪ್ರಸ್ತಾಪವನ್ನೂ ತೆಗೆದುಹಾಕಿದರು. ಪೋರ್ಷಿಯಾ ಬಂದ ಮೇಲೆ ಆಡುವ ಮಾತುಗಳಲ್ಲಿ, ಹಗಲಿಗಿಂತ ಇರುಳಿನಲ್ಲಿ ಸಂಗೀತ ಹೆಚ್ಚು ಇಂಪಾಗಿ ಕೇಳುವುದೆಂಬುದನ್ನೂ, ಪ್ರತಿಯೊಂದಕ್ಕೂ ಅದರ ಹೊತ್ತು ಒದಗಿದಾಗಲೇ ಬೆಲೆಯೆಂಬುದನ್ನೂ ಉಳಿಸಿಕೊಂಡರು. ಚಂದ್ರದೇವತೆ ತನ್ನ ನಲ್ಲ ಎಂಡಿಮಿಯನ್ನನ ಬಳಿ ಮಲಗಿದ್ದಾಳೆ, ಅವಳನ್ನು ಎಬ್ಬಿಸಬೇಡಿ ಎಂಬ ಮಾತಿನ ತರುವಾಯ ಮತ್ತೆ ಮೊದಲಿನ ನೀರವತೆಯ ಮಾತುಗಳಿಗೇ ಹಿಂದಿರುಗಿದರು.

ಹೀಗೆ ಕೊಯ್ದು ಜೋಡಿಸಿದ ಸಾಹಿತ್ಯದಲ್ಲಿ ಲೊರೆಂಜೋ ಇಲ್ಲ, ಪೋರ್ಷಿಯಾ ಇಲ್ಲ, ವೆನಿಸ್ ನಗರವೂ ಇಲ್ಲ. ಇರುವುದು ಇರುಳು, ತಾರೆ, ನಾದ, ಮೌನ. ಆದರೂ ಜೆಸಿಕಾಳ ಆ ಒಂದು ಮಾತನ್ನು ಅವರು ಬಿಡಲಿಲ್ಲ. ಸಂಗೀತವಿಲ್ಲದ ಮನುಷ್ಯನ ಬಗೆಗಿನ ಎಚ್ಚರಿಕೆಯನ್ನೂ ಬಿಡಲಿಲ್ಲ. ಸುವರ್ಣ ಮಹೋತ್ಸವಕ್ಕೆ ಹೊಗಳಿಕೆಯ ಹಾಡೇ ಸಾಕಾಗಿತ್ತಲ್ಲವೆ ಎಂದು ಯಾರಾದರೂ ಕೇಳಬಹುದು. ಕತ್ತಲೆಯ ಅಂಚಿಲ್ಲದಿದ್ದರೆ ಬೆಳದಿಂಗಳು ಬೆಳದಿಂಗಳೆನಿಸುವುದಿಲ್ಲ. ೧೯೩೮ರಲ್ಲಿ ಆ ಕತ್ತಲೆಯನ್ನು ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ.

ಹದಿನಾರು ಮಂದಿಗೆ ಒಂದೇ ಮಾಲೆ

ವುಡ್ ಅವರೊಡನೆ ವರ್ಷಗಟ್ಟಲೆ ಹಾಡಿದ, ದೇಶದ ಹೆಸರಾಂತ ಹದಿನಾರು ಗಾಯಕ ಗಾಯಕಿಯರನ್ನು ಆರಿಸಲಾಯಿತು. ಸೊಪ್ರಾನೋ ಎಂಬ ಮೇಲಿನ ಸ್ತ್ರೀಕಂಠಕ್ಕೆ ಐಸೊಬೆಲ್ ಬೇಲಿ, ಲಿಲಿಯನ್ ಸ್ಟೈಲ್ಸ್-ಆಲನ್, ಎಲ್ಸಿ ಸುಡಬಿ, ಈವಾ ಟರ್ನರ್; ಕಂಟ್ರಾಲ್ಟೋ ಎಂಬ ಕೆಳಗಿನ ಸ್ತ್ರೀಕಂಠಕ್ಕೆ ಮ್ಯೂರಿಯೆಲ್ ಬ್ರನ್ಸ್‌ಕಿಲ್, ಆಸ್ಟ್ರಾ ಡೆಸ್ಮಂಡ್, ಮೇರಿ ಜ್ಯಾರೆಡ್, ಮಾರ್ಗರೆಟ್ ಬಾಲ್ಫರ್; ಟೆನರ್ ಕಂಠಕ್ಕೆ ಹೆಡ್ಲ್ ನ್ಯಾಷ್, ಫ್ರಾಂಕ್ ಟಿಟರ್‌ಟನ್, ವಾಲ್ಟರ್ ವಿಡಪ್, ಪ್ಯಾರಿ ಜೋನ್ಸ್; ಮಂದ್ರದ ಪುರುಷಕಂಠಗಳಿಗೆ ನಾರ್ಮನ್ ಆಲಿನ್, ರಾಬರ್ಟ್ ಈಸ್ಟನ್, ರಾಯ್ ಹೆಂಡರ್‌ಸನ್, ಹೆರಾಲ್ಡ್ ವಿಲಿಯಮ್ಸ್.

ಇವರಲ್ಲಿ ಈವಾ ಟರ್ನರ್ ಪುಚ್ಚಿನಿಯ ‘ತುರಂದೋತ್’ ಗೀತನಾಟಕದ ಕ್ರೂರ ರಾಜಕುಮಾರಿಯಾಗಿ ಯುರೋಪನ್ನು ಬೆರಗುಗೊಳಿಸಿದವರು. ಐಸೊಬೆಲ್ ಬೇಲಿ ಅವರದು ಗಾಜಿನಷ್ಟು ತಿಳಿಯಾದ, ಮೃದುವಾದ ಕಂಠ. ಒಬ್ಬರಂತೆ ಒಬ್ಬರಿಲ್ಲ. ಇಂಥ ಹದಿನಾರು ಮಂದಿಯನ್ನು ಒಂದೇ ವೇದಿಕೆಯ ಮೇಲೆ ನಿಲ್ಲಿಸುವುದು ಯಾವ ಸಂಗೀತಗಾರನಿಗೂ ತಲೆನೋವಿನ ಕೆಲಸ. ಒಬ್ಬರಿಗೆ ಎರಡು ಸಾಲು ಹೆಚ್ಚಾದರೆ ಇನ್ನೊಬ್ಬರಿಗೆ ಮುನಿಸು. ಎಲ್ಲರನ್ನೂ ಸದಾಕಾಲ ಕೂಡಿಸಿ ಹಾಡಿಸಿದರೆ ಯಾರ ಕಂಠದ ಗುಣವೂ ತಿಳಿಯದು.

ವಾನ್ ವಿಲಿಯಮ್ಸ್ ಕಂಡುಕೊಂಡ ಉಪಾಯ ಸರಳವಾದುದು. ಅವರು ಕಂಠದ ಜಾತಿಗಾಗಿ ಬರೆಯಲಿಲ್ಲ, ವ್ಯಕ್ತಿಗಾಗಿ ಬರೆದರು. ಪ್ರತಿಯೊಬ್ಬರ ಧ್ವನಿಯ ಬಣ್ಣಕ್ಕೆ ಒಪ್ಪುವ ಮಾತನ್ನು ಆರಿಸಿ ಅವರಿಗೇ ಒಪ್ಪಿಸಿದರು. ಮೇಲಕ್ಕೆ ಹಾರುವ ನುಡಿ ಒಬ್ಬರದು. ನರಕದ ಕತ್ತಲೆಯನ್ನು ನೆನೆಸುವ ತಗ್ಗಿನ ನುಡಿ ಇನ್ನೊಬ್ಬರದು. ಹಸ್ತಪ್ರತಿಯಲ್ಲಿ ಆಯಾ ಸಾಲಿನ ಪಕ್ಕದಲ್ಲಿ ಆಯಾ ಗಾಯಕರ ಹೆಸರಿನ ಮೊದಲಕ್ಷರಗಳನ್ನೇ ಗುರುತಾಗಿ ಹಾಕಿದರು. ಒಬ್ಬರು ಬಿಟ್ಟ ಎಳೆಯನ್ನು ಮತ್ತೊಬ್ಬರು ಎತ್ತಿಕೊಳ್ಳುವರು. ನಡುನಡುವೆ ಹದಿನಾರು ಕಂಠಗಳೂ ಕೂಡಿ ಹೊಳೆಯಂತೆ ತುಂಬಿ ಹರಿಯುವುವು. ಹೂವು ಬೇರೆಬೇರೆಯಾದರೂ ಮಾಲೆ ಒಂದೇ.

ನಮ್ಮ ಸಂಗೀತದಲ್ಲಿ ರಾಗ ಒಂದೇ ಎಳೆಯಾಗಿ ಬೆಳೆಯುತ್ತದೆ. ಪಾಶ್ಚಾತ್ಯರಲ್ಲಿ ಬೇರೆಬೇರೆ ಸ್ವರಗಳು ಏಕಕಾಲದಲ್ಲಿ ಹೊಮ್ಮಿ ಒಂದಕ್ಕೊಂದು ಒಪ್ಪುವ ಹಾರ್ಮನಿಗೆ ಪ್ರಾಧಾನ್ಯ. ಈ ಕೃತಿಯ ಸಾಹಿತ್ಯದ ವಿಷಯವೂ ಅದೇ ಹಾರ್ಮನಿ, ಅದನ್ನು ಹೇಳುವ ಸಾಧನವೂ ಅದೇ. ಆರಂಭದಲ್ಲಿ ಹಾರ್ಪ್ ತಂತಿಗಳ ಮೇಲೆ, ಮೆಲ್ಲನೆ ಹಾಸಿದ ವಾದ್ಯಗಳ ನಾದದ ಮೇಲೆ ಒಂಟಿ ಪಿಟೀಲು ಏಳುತ್ತದೆ. ಶ್ರುತಿ ‘ಡಿ ಮೇಜರ್’, ಸ್ವರಗಳ ಲೆಕ್ಕದಲ್ಲಿ ನಮ್ಮ ಶಂಕರಾಭರಣಕ್ಕೆ ಸಮ. ಕಂಠಗಳು ಇರುಳನ್ನು ವರ್ಣಿಸುತ್ತ ಸೇರಿಕೊಂಡ ಮೇಲೆ ಬೇಲಿ ಅವರ ಧ್ವನಿ ಇಂಪಿನ ಹೆಸರು ಹೇಳುತ್ತ ಎಲ್ಲರ ಮೇಲೆ ತೇಲಿ ತಾರಸ್ಥಾಯಿಗೆ ಏರುತ್ತದೆ. ಚಂದ್ರದೇವತೆಯನ್ನು ಎಬ್ಬಿಸಿರೆಂಬಲ್ಲಿ ವಾದ್ಯಗಳು ಬೆಳಗುತ್ತವೆ. ಸಂಗೀತವಿಲ್ಲದವನ ಮಾತು ಬಂದಾಗ ಸ್ವರಮೇಳ ಕಂದಿ, ಕಂಠಗಳು ಮಂದ್ರಕ್ಕೆ ಇಳಿಯುತ್ತವೆ. ಆ ಮೋಡ ಸರಿದ ಬಳಿಕ ಮತ್ತೆ ಅದೇ ನೀರವತೆ, ಮತ್ತೆ ಬೇಲಿ ಅವರ ಅದೇ ಏರುದನಿ. ಕೊನೆಯಲ್ಲಿ ಆರ್ಭಟವಿಲ್ಲ. ದೀಪದ ಕುಡಿಯನ್ನು ತಗ್ಗಿಸಿದಂತೆ ನಾದ ಕಿರಿದಾಗುತ್ತ ಮೌನದಲ್ಲಿ ಸೇರುತ್ತದೆ.

ಅತಿಥಿಯ ಕಣ್ಣೀರು

ಅಂದಿನ ಕಚೇರಿಯ ಮೊದಲ ಭಾಗದಲ್ಲಿ ಪಿಯಾನೋ ನುಡಿಸಿದವರು ಸೆರ್ಗೈ ರಖ್ಮಾನಿನೋವ್. ವುಡ್ ಅವರ ಮೇಲಣ ಗೌರವದಿಂದ ಬಂದ ಅವರು ತಮ್ಮದೇ ಎರಡನೆಯ ಕಾನ್ಚರ್ಟೋವನ್ನು ನುಡಿಸಿ ಸಭೆಯನ್ನು ಗೆದ್ದರು. ನೀಳವಾದ ದೇಹ, ನಗುವನ್ನೇ ಅರಿಯದಂಥ ಮುಖ. ೧೯೧೭ರ ಕ್ರಾಂತಿಯ ತರುವಾಯ ರಷ್ಯಾವನ್ನು ಬಿಟ್ಟವರು ಮತ್ತೆ ಅಲ್ಲಿ ಕಾಲಿಟ್ಟಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಊರೂರು ಸುತ್ತಿ ಕಚೇರಿ ಮಾಡುವುದೇ ಅವರ ಜೀವನವಾಗಿದ್ದಿತು.

ತಮ್ಮ ಪಾಲಿನ ಕೆಲಸ ಮುಗಿದ ಮೇಲೆ ಅವರು ಶ್ರೋತೃಗಳ ನಡುವೆ ಕುಳಿತು ಉಳಿದ ಕಾರ್ಯಕ್ರಮವನ್ನು ಆಲಿಸಿದರು. ‘ಸೆರೆನೇಡ್’ ಕೇಳುತ್ತ ಕೇಳುತ್ತ ಅವರ ಕಣ್ಣುಗಳಲ್ಲಿ ನೀರು ಹರಿಯಿತೆಂದೂ, ಸಂಗೀತವೊಂದು ತಮ್ಮನ್ನು ಹಿಂದೆಂದೂ ಹೀಗೆ ಕಲಕಿರಲಿಲ್ಲವೆಂದು ವುಡ್ ಅವರಿಗೆ ತಿಳಿಸಿದರೆಂದೂ ದಾಖಲೆಯಾಗಿದೆ. ಸಂಗೀತ ಕೇಳಿ ಉಲ್ಲಾಸಗೊಳ್ಳದ ಜೆಸಿಕಾಳೂ ಮನೆ ತೊರೆದವಳೇ; ಕಣ್ಣೀರಿಟ್ಟ ಪಿಯಾನೋ ವಾದಕರೂ ಮನೆ ತೊರೆದವರೇ. ೧೯೪೩ರಲ್ಲಿ ಅಮೆರಿಕದಲ್ಲಿ ಕಣ್ಮುಚ್ಚುವವರೆಗೆ ರಖ್ಮಾನಿನೋವ್ ಸ್ವದೇಶವನ್ನು ಮತ್ತೆ ಕಾಣಲಿಲ್ಲ.

ಈ ಲಂಡನ್ ಲೋಕಕ್ಕೂ ಮೈಸೂರಿಗೂ ಒಂದು ನಂಟು ತರುವಾಯ ಬೆಳೆಯಿತು. ರಖ್ಮಾನಿನೋವರ ಗೆಳೆಯರೂ ಅವರಂತೆಯೇ ದೇಶಾಂತರ ಬಂದು ಲಂಡನ್ನಿನಲ್ಲಿ ನೆಲಸಿದವರೂ ಆದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ತಟ್ಟೆಗಳಲ್ಲಿ ಮುದ್ರಿಸಲು ಹಣ ಒದಗಿಸಿದವರು ಶ್ರೀ ಜಯಚಾಮರಾಜೇಂದ್ರ ಒಡೆಯರು. ೧೯೫೦ರ ಮೇ ೨೨ರಂದು ರಿಚರ್ಡ್ ಸ್ಟ್ರೌಸರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದುದೂ ಇದೇ ಆಲ್ಬರ್ಟ್ ಹಾಲಿನಲ್ಲಿ, ಒಡೆಯರ ಔದಾರ್ಯದಿಂದಲೇ.

ಬೆಳದಿಂಗಳ ಬಳಿಕ

ಕಚೇರಿಯಾದ ಹತ್ತು ದಿನಗಳಿಗೆ, ಅಕ್ಟೋಬರ್ ೧೫ರಂದು, ಅದೇ ಹದಿನಾರು ಮಂದಿಯನ್ನು ಆಬಿ ರೋಡಿನ ಸ್ಟುಡಿಯೋದಲ್ಲಿ ಕೂಡಿಸಿ, ವುಡ್ ಅವರ ನೇತೃತ್ವದಲ್ಲಿಯೇ ಕೃತಿಯನ್ನು ಗ್ರಾಮಾಫೋನ್ ತಟ್ಟೆಗಳಿಗೆ ಮುದ್ರಿಸಿಕೊಳ್ಳಲಾಯಿತು. ತಡಮಾಡದೆ ಮಾಡಿದುದು ಒಳಿತೇ ಆಯಿತು. ಆ ಬಳಗ ಹಾಗೆಯೇ ಒಟ್ಟಾಗಿರುವ ಕಾಲ ಮುಗಿಯುತ್ತ ಬಂದಿದ್ದಿತು.

ಇನ್ನೊಂದು ತಿಂಗಳೊಳಗೆ, ನವೆಂಬರ್ ೯ರ ರಾತ್ರಿ, ಜರ್ಮನಿಯಲ್ಲಿ ಯೆಹೂದಿಗಳ ಮಂದಿರಗಳಿಗೆ ಬೆಂಕಿ ಹಚ್ಚಿ ಅಂಗಡಿಗಳನ್ನು ಪುಡಿಗೈಯಲಾಯಿತು. ಷೈಲಾಕನ ಜನ ಮನೆಮಠ ತೊರೆದು ಇಂಗ್ಲೆಂಡಿಗೆ ಓಡಿಬಂದರು. ವಾನ್ ವಿಲಿಯಮ್ಸ್ ತಾವು ವಾಸವಾಗಿದ್ದ ಡಾರ್ಕಿಂಗ್ ಪಟ್ಟಣದಲ್ಲಿ ನಿರಾಶ್ರಿತರಿಗೆ ಆಶ್ರಯ ಕಲ್ಪಿಸುವ ಸಮಿತಿಗಾಗಿ ದುಡಿದರು. ಯುದ್ಧ ಆರಂಭವಾದ ಮೇಲೆ, ಶತ್ರುದೇಶದವರೆಂಬ ಕಾರಣದಿಂದ ಬ್ರಿಟಿಷ್ ಸರ್ಕಾರವೇ ಬಂಧನದಲ್ಲಿಟ್ಟಿದ್ದ ನಿರಾಶ್ರಿತ ಸಂಗೀತಗಾರರನ್ನು ಬಿಡಿಸುವ ಸಮಿತಿಗೆ ಅಧ್ಯಕ್ಷರಾದರು. ಒಳಗೆ ಸಂಗೀತವಿರುವವನು ಹೇಗೆ ನಡೆದುಕೊಳ್ಳುವನೆಂಬುದಕ್ಕೆ ಲೊರೆಂಜೋ ಉದಾಹರಣೆ ಕೊಟ್ಟಿರಲಿಲ್ಲ. ಅವನ ಮಾತಿಗೆ ಸ್ವರ ಹಾಕಿದವರು ಕೊಟ್ಟರು.

೧೯೪೧ರ ಮೇ ೧೦ರ ಮಧ್ಯಾಹ್ನ ಕ್ವೀನ್ಸ್ ಹಾಲಿನಲ್ಲಿ ಎಲ್ಗಾರರ ‘ಜೆರಾಂಟಿಯಸ್ಸನ ಕನಸು’ ಕಚೇರಿ ನಡೆಯಿತು. ಅದೇ ರಾತ್ರಿ ಜರ್ಮನ್ ವಿಮಾನಗಳು ಎಸೆದ ಬೆಂಕಿಬಾಂಬಿಗೆ ಆ ಸಭಾಂಗಣ ಸುಟ್ಟು ಬೂದಿಯಾಯಿತು. ನಾಲ್ವತ್ತಾರು ವರ್ಷ ವುಡ್ ಅವರ ಕರ್ಮಭೂಮಿಯಾಗಿದ್ದ ತಾಣ ಅದು. ಎಪ್ಪತ್ತೆರಡರ ವೃದ್ಧರು ಎದೆಗೆಡದೆ, ಆ ವರ್ಷದ ಪ್ರಾಮೆನೇಡ್ ಕಚೇರಿಗಳನ್ನು ಆಲ್ಬರ್ಟ್ ಹಾಲಿಗೆ ಸಾಗಿಸಿದರು. ೧೯೪೪ರ ಆಗಸ್ಟ್ ೧೯ರಂದು, ಆ ಕಚೇರಿಗಳ ಐವತ್ತನೆಯ ವರ್ಷದಲ್ಲಿಯೇ, ಅವರು ತೀರಿಕೊಂಡರು. ಹಳೆಯ ಸಭಾಂಗಣದ ಭಗ್ನಾವಶೇಷಗಳಿಂದ ಹೊರತೆಗೆದ ಅವರ ಕಂಚಿನ ಪ್ರತಿಮೆಯನ್ನು ಪ್ರತಿವರ್ಷವೂ ಕಚೇರಿಗಳ ಕಾಲದಲ್ಲಿ ಆಲ್ಬರ್ಟ್ ಹಾಲಿನಲ್ಲಿ ಇಡುತ್ತಾರೆ. ಕೊನೆಯ ರಾತ್ರಿ, ನೆಲದ ಮೇಲೆ ನಿಂತು ಕೇಳುವ ರಸಿಕರು ಅದಕ್ಕೆ ಎಲೆಗಳ ಮಾಲೆಯನ್ನು ತೊಡಿಸುತ್ತಾರೆ.

ಹದಿನಾರು ಹೆಸರಾಂತ ಗಾಯಕರನ್ನು ಎಲ್ಲ ಊರಿನಲ್ಲಿಯೂ ಕೂಡಿಸುವುದು ಅಸಾಧ್ಯವೆಂದು ಬಲ್ಲ ವಾನ್ ವಿಲಿಯಮ್ಸ್, ನಾಲ್ವರು ಗಾಯಕರೂ ಮೇಳವೂ ಹಾಡುವ ಬಗೆಯನ್ನೂ, ಬರಿಯ ವಾದ್ಯಗಳೇ ನುಡಿಸುವ ಬಗೆಯನ್ನೂ ಸಿದ್ಧಪಡಿಸಿಕೊಟ್ಟರು. ೧೯೬೨ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಹೊಸ ಸಭಾಂಗಣ ತೆರೆದಾಗ ಲೆನರ್ಡ್ ಬರ್ನ್‌ಸ್ಟೈನ್ ಇದನ್ನೇ ಹಾಡಿಸಿದರು. ಅಷ್ಟರಲ್ಲಿ ವಾನ್ ವಿಲಿಯಮ್ಸ್ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದುವು.

ಹದಿನಾರು ಕಂಠಗಳೂ ಒಂದೊಂದಾಗಿ ಮೌನವಾದುವು. ಐಸೊಬೆಲ್ ಬೇಲಿ ೧೯೮೩ರಲ್ಲಿ, ಈವಾ ಟರ್ನರ್ ೧೯೯೦ರಲ್ಲಿ ಕಣ್ಮರೆಯಾದರು. ಎಲ್ಲರಿಗಿಂತ ಕೊನೆಗೆ ಉಳಿದವರು ರಾಯ್ ಹೆಂಡರ್‌ಸನ್. ಪ್ರಸಿದ್ಧ ಗಾಯಕಿ ಕ್ಯಾಥ್ಲೀನ್ ಫೆರಿಯರ್‌ಗೆ ಗುರುವಾಗಿದ್ದ ಅವರು ನೂರು ವರ್ಷ ಬಾಳಿ ೨೦೦೦ದ ಮಾರ್ಚಿಯಲ್ಲಿ ತೀರಿಕೊಂಡರು.

ಆದರೂ ಮುದ್ರಿತ ಪ್ರತಿಯಲ್ಲಿ ಅವರು ಇದ್ದಾರೆ. ಈ ಕೃತಿಯನ್ನು ಹದಿನಾರು ಮಂದಿ ಹಾಡಲು ನಿಂತಾಗಲೆಲ್ಲ ತಂತಮ್ಮ ಸಾಲುಗಳನ್ನು ಹುಡುಕಿಕೊಳ್ಳುವುದು ಆ ಹಳೆಯ ಮೊದಲಕ್ಷರಗಳಿಂದಲೇ. ಐ.ಬಿ. ಎಂದಿರುವಲ್ಲಿ ಒಬ್ಬ ಹೊಸ ಗಾಯಕಿ ಎದ್ದು ನಿಂತು, ತನಗಾಗಿ ಬರೆಯದ ಆ ಏರುದನಿಯನ್ನು ತನ್ನದನ್ನಾಗಿ ಮಾಡಿಕೊಂಡು ಹಾಡುತ್ತಾಳೆ.